ಎಡಗಡೆ ಮುಂದಿನ ಹೆಗಲು

"ಗುರುಗಳೇ, ಕತ್ತಿನ ಶಿಲುಬೆಯನ್ನು ಅಂಗಿಯ ಒಳಗೆ ಹಾಕಿಕೊಳ್ಳಲೋ, ಹೊರಗೆ ಹಾಕಿಕೊಳ್ಳಲೋ?"

ಕೇಳಿದವನು ಕ್ಲೆಮೆಂಟ್ ಎಂಬ ಯುವಕ. ನಗರದ ಒಂದು ಕಚೇರಿಯಲ್ಲಿ ಅವನಿಗೆ ಕೆಲಸ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಕಲ್ಲುಬೆಂಚಿನಲ್ಲಿ ಇನ್ನಾಸಪ್ಪ ಸ್ವಾಮಿಗಳ ಪಕ್ಕ ಕೂತು ನಾಲ್ಕು ಮಾತು ಕೇಳಿಕೊಂಡು ಹೋಗುವುದು ಅವನ ರೂಢಿ. ಸ್ವಾಮಿಗಳಿಗೆ ವಯಸ್ಸಾಗಿತ್ತು. ಈಗ ಪೂಜೆ ಅರ್ಪಿಸುವವರು ಬೇರೆ ಗುರುಗಳು. ಇವರ ಪಾಲಿಗೆ ಉಳಿದದ್ದು ಬೆಂಚು, ಮತ್ತು ಕೇಳಲು ಬರುವವರು.

"ಈ ಪ್ರಶ್ನೆ ಈಗ ಯಾಕೆ ಬಂತು?" ಎಂದರು ಗುರುಗಳು.

"ಚುನಾವಣೆ ಬಂತಲ್ಲ ಗುರುಗಳೇ. ಶಿಲುಬೆ ಹೊರಗೆ ಕಂಡರೆ, ನಿಮ್ಮ ಜನ ಈ ಸಲ ಯಾವ ಕಡೆ ಎಂದು ಕಚೇರಿಯಲ್ಲಿ ಕೇಳುತ್ತಾರೆ. ಒಳಗೆ ಹಾಕಿಕೊಂಡರೆ, ಹೆದರಿಕೊಂಡೆಯಾ ಎಂದು ನಮ್ಮವರೇ ಕೇಳುತ್ತಾರೆ. ತೋರಿಸಿದರೂ ರಾಜಕೀಯ, ಮುಚ್ಚಿದರೂ ರಾಜಕೀಯ. ನಾನೇನು ಮಾಡಲಿ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ದರ್ಜಿ ಇದ್ದ. ಚೌರಪ್ಪ ಅಂತ ಹೆಸರು. ಪೇಟೆಯೆಂದರೆ ನಮ್ಮ ನಗರದ ಪೇಟೆಯೇ. ಒಂದು ಹಳೆಯ ಚರ್ಚು, ಅದರ ಎದುರಿಗೆ ಮಸೀದಿ, ಪಕ್ಕದಲ್ಲಿ ಹೂವಿನ ಅಂಗಡಿಗಳ ಸಾಲು, ಬೆಳಗಿನಿಂದ ಸಂಜೆಯವರೆಗೆ ಹಾರ್ನು. ಚೌರಪ್ಪನ ಕೈಹೊಲಿಗೆಗೆ ಆ ಪೇಟೆಯಲ್ಲಿ ಒಳ್ಳೆಯ ಹೆಸರಿತ್ತು, ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. "ಜೇಬು ಯಾರು ಬೇಕಾದ್ರೂ ಹೊಲೀತಾರೆ, ಕಾಲರ್ ಕೂರಿಸಕ್ಕೆ ಕೈ ಬೇಕು" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಸ್ವಲ್ಪ ಜಂಬದ ಮನುಷ್ಯ. ಆದರೆ ಜಂಬಕ್ಕೆ ತಕ್ಕ ಕಾಲರ್ ಕೂರಿಸುತ್ತಿದ್ದ.

ಒಂದು ದಿನ ಆ ಕೈ ಬಿತ್ತು. ಬೆಳಗ್ಗೆ ಎದ್ದು ಸೂಜಿ ಹಿಡಿಯಲು ಹೋದರೆ ಬಲಗೈ ಮಾತು ಕೇಳಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು, ವ್ಯಾಯಾಮ ಹೇಳಿಕೊಟ್ಟರು, ತಾಳ್ಮೆ ಇರಲಿ ಎಂದರು. ಚೌರಪ್ಪ ಮಾತ್ರೆ ನುಂಗಿದ, ವ್ಯಾಯಾಮ ಮಾಡಿದ. ತಾಳ್ಮೆ ಒಂದು ಅವನಿಂದಾಗಲಿಲ್ಲ. ಅಂಗಡಿಯ ಬಾಗಿಲು ಹಾಕಿಕೊಂಡು ಚರ್ಚಿಗೆ ಹೋಗಿ ಆರೋಗ್ಯ ಮಾತೆ ಮರಿಯಳ ಪ್ರತಿಮೆಯ ಮುಂದೆ ನಿಂತ.

"ಅಮ್ಮಾ, ಈ ಕೈ ನಂಗೆ ವಾಪಸ್ ಕೊಡು. ನಿನ್ನ ಹಬ್ಬಕ್ಕೆ ಒಂಬತ್ತು ದಿನವೂ ಕಾವಿ ಉಡ್ತೀನಿ. ಬರಿಗಾಲಲ್ಲಿ ನಿನ್ನ ಹೊರ್ತೀನಿ. ಚರ್ಚಿನ ಬಾಗಿಲು ಬಿಟ್ಟು ಚರ್ಚಿನ ಬಾಗಿಲಿಗೆ ಬರೋವರ್ಗೂ ನೀನು ನೆಲ ಮುಟ್ಟಲ್ಲ" ಎಂದು ಹರಕೆ ಹೊತ್ತ.

ಕೈ ಬಂತು. ಮಾತ್ರೆಯಿಂದ ಬಂತು ಎಂದರು ಡಾಕ್ಟರು. ಚೌರಪ್ಪ ಅವರ ಜೊತೆ ವಾದಕ್ಕೆ ಹೋಗಲಿಲ್ಲ. ಆದರೆ ಸೂಜಿಗೆ ದಾರ ಪೋಣಿಸುವ ಮುಂಚೆ ಒಮ್ಮೆ ಚರ್ಚಿನ ದಿಕ್ಕಿಗೆ ತಿರುಗಿ ನೋಡುವುದನ್ನು ಅಂದಿನಿಂದ ಕಲಿತ. ಹರಕೆ ತಪ್ಪಿದರೆ ಕೊಟ್ಟವಳು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ ಎಂಬ ಭಯವೂ ಅವನೊಳಗೆ ಕೂತಿತು. ಮಾತೆ ಅಂಥವಳಲ್ಲ ಎಂದು ನಾವು ಎಷ್ಟೇ ಉಪದೇಶ ಮಾಡಲಿ, ಒಮ್ಮೆ ಕೈ ಬಿದ್ದವನ ಭಯ ಉಪದೇಶಕ್ಕೆ ಹೋಗುವಂಥದಲ್ಲ.

ಇಲ್ಲಿ ಆ ಪೇಟೆಯ ಎರಡು ಪದ್ಧತಿ ಹೇಳಬೇಕು. ಒಂದು, ಕಾವಿ. ಮಾತೆಯ ಹಬ್ಬದ ಒಂಬತ್ತು ದಿನ ಹರಕೆಯವರು ಕಾವಿ ಉಟ್ಟು ಬರಿಗಾಲಲ್ಲಿ ನಡೆಯುತ್ತಾರೆ. ಅದು ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಅಜ್ಜಿಯರು ಉಡುತ್ತಿದ್ದರು, ಅವರ ಅಜ್ಜಿಯರೂ ಉಡುತ್ತಿದ್ದರಂತೆ. ಆಗ ಆ ಬಣ್ಣಕ್ಕೆ ಯಾರೂ ಅರ್ಥ ಕೇಳುತ್ತಿರಲಿಲ್ಲ. ಲೋಕ ಬಿಟ್ಟವರು ಉಡುವ ಬಟ್ಟೆ, ಒಂಬತ್ತು ದಿನದ ಮಟ್ಟಿಗೆ ನಾವೂ ಬಿಡೋಣ ಎಂದು ಉಡುತ್ತಿದ್ದರು, ಅಷ್ಟೇ.

ಇನ್ನೊಂದು, ಪಲ್ಲಕ್ಕಿ. ಮಾತೆಯ ಪಲ್ಲಕ್ಕಿಗೆ ಎರಡು ಬೊಂಬು, ಎಂಟು ಜನ. ಎತ್ತರಕ್ಕೆ ಎತ್ತರ ನೋಡಿ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಪಲ್ಲಕ್ಕಿ ವಾಲುತ್ತದೆ. ಹೊರುವವರ ನಡುವೆ ಹೆಸರು ನಡೆಯುವುದಿಲ್ಲ, ಜಾಗ ನಡೆಯುತ್ತದೆ. ಎಡಗಡೆ ಮುಂದು, ಬಲಗಡೆ ಹಿಂದು, ಹೀಗೆ. "ನೀನು ಯಾವ ಕಡೆ?" ಎಂದು ಕೇಳಿದರೆ ಅದಕ್ಕೆ ಅಲ್ಲಿ ಇರುವುದು ಒಂದೇ ಅರ್ಥ. ಹೆಣ್ಣು ಕೊಡುವವರು ಹುಡುಗನ ಕೆಲಸ ಕೇಳುವ ಮೊದಲು ಅವನ ಕಡೆ ಕೇಳುತ್ತಿದ್ದರಂತೆ. ಇದನ್ನು ನಾನು ನಂಬಿಲ್ಲ, ನೀನೂ ನಂಬಬೇಡ. ಚೌರಪ್ಪ ಎಡಗಡೆ ಮುಂದು. ಅವನ ಅಪ್ಪನೂ ಎಡಗಡೆ ಮುಂದೇ ಆಗಿದ್ದ.

ಆ ವರ್ಷ ಹಬ್ಬವೂ ನಗರದ ಚುನಾವಣೆಯೂ ಒಟ್ಟೊಟ್ಟಿಗೆ ಬಂದವು. ಅಲ್ಲಿ ಒಂದು ಪಕ್ಷದ ಬಾವುಟ ಕಾವಿಗೆ ಹತ್ತಿರದ ಬಣ್ಣದ್ದು. ಎದುರು ಪಕ್ಷಕ್ಕೆ ಆ ಬಣ್ಣ ಕಂಡರೆ ಆಗದು. ಚರ್ಚಿನ ಪಾಲನಾ ಸಮಿತಿಯ ಅಧ್ಯಕ್ಷರು ಅಲ್ಫೋನ್ಸ್ ಎಂಬ ನಿವೃತ್ತ ಅಧಿಕಾರಿ. ಒಳ್ಳೆಯ ಮನುಷ್ಯ, ಆದರೆ ಆರಿದ ಕಾಫಿಯನ್ನೂ ಊದಿ ಕುಡಿಯುವಷ್ಟು ಎಚ್ಚರಿಕೆಯವರು. ಅವರು ಹೊರುವವರನ್ನೆಲ್ಲ ಕರೆಸಿದರು.

"ಈ ವರ್ಷ ಕಾವಿ ಬೇಡಪ್ಪ. ಕಾವಿ ಉಟ್ಟು ಬೀದಿಗಿಳಿದ್ರೆ ಅವ್ರು ನಮ್ಮೋರು ಅಂತಾರೆ, ಇವ್ರು ನಮ್ಮನ್ನ ಬಿಟ್ಟೋದ್ರು ಅಂತಾರೆ. ಯಾಕೆ ಬೇಕು ಸಹವಾಸ? ನೀಲಿ ಉಡೋಣ. ನೀಲಿ ಮಾತೆ ಬಣ್ಣಾನೇ ಅಲ್ವಾ?"

"ನೀಲಿಗೂ ಒಂದ್ ಪಕ್ಷ ಐತೆ ಸಾರ್" ಎಂದ ಚೌರಪ್ಪ.

"ಹಾಗಾದ್ರೆ ಬಿಳಿ."

"ಬಿಳೀನ ಎಲ್ಲಾ ಪಕ್ಷದೋರೂ ಹಾಕ್ತಾರೆ. ಹಿಂಗೇ ನೋಡ್ತಾ ಹೋದ್ರೆ ಉಡಕ್ಕೆ ಏನೂ ಉಳಿಯಲ್ಲ ಸಾರ್, ಆಮೇಲೆ ಪೊಲೀಸ್ನೋರು ಬರ್ತಾರೆ."

ಎಲ್ಲರೂ ನಕ್ಕರು. ಅಲ್ಫೋನ್ಸರು ನಗಲಿಲ್ಲ. ನೀಲಿಯೆಂದೇ ತೀರ್ಮಾನವಾಯಿತು. ಚೌರಪ್ಪ ಎದ್ದು ನಿಂತು, ತಾನು ಹರಕೆ ಹೊತ್ತದ್ದು ಸಮಿತಿಗಲ್ಲ, ಅಮ್ಮನಿಗೆ, ಅವಳಿಗೆ ಕಾವಿ ಎಂದು ಹೇಳಿ ಆಗಿದೆ ಎಂದ. ಹಾಗಿದ್ದರೆ ಹೆಗಲು ಕೊಡಬೇಡ ಎಂದರು ಅಲ್ಫೋನ್ಸರು. ಆಗ ಉಳಿದ ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಡಗಡೆ ಮುಂದಕ್ಕೆ ಅಷ್ಟು ಎತ್ತರದವನು ಇನ್ನೊಬ್ಬನಿರಲಿಲ್ಲ. ಅವನಿಲ್ಲದೆ ಪಲ್ಲಕ್ಕಿ ವಾಲುತ್ತದೆ, ಮಾತೆಯನ್ನು ವಾಲಿಸಿಕೊಂಡು ಪೇಟೆ ಸುತ್ತಲು ಅಧ್ಯಕ್ಷರು ತಯಾರಿರಲಿಲ್ಲ. ಹೀಗೆ ಏಳು ನೀಲಿ, ಒಂದು ಕಾವಿ ಎಂದಾಯಿತು. ನಮ್ಮಲ್ಲಿ ದೊಡ್ಡ ದೊಡ್ಡ ತೀರ್ಮಾನಗಳು ಎಷ್ಟೋ ಸಲ ಹೀಗೇ ಆಗುವುದು.

ಹಬ್ಬದ ಮೊದಲ ದಿನ ಚೌರಪ್ಪ ಕಾವಿ ಪಂಚೆ, ಕಾವಿ ಅಂಗಿ ತೊಟ್ಟು ಅಂಗಡಿಯಲ್ಲಿ ಕೂತ. ಮಧ್ಯಾಹ್ನವಾಗುವಷ್ಟರಲ್ಲಿ ಆ ಬಣ್ಣದ ಬಾವುಟದ ಪಕ್ಷದ ಮುಖಂಡ ಹಿಂಬಾಲಕರೊಡನೆ ಬಂದ. "ಖುಷಿಯಾಯ್ತು ಚೌರಪ್ಪನೋರೆ, ಕೊನೆಗೂ ನಮ್ ಕಡೆ ಬಂದ್ರಲ್ಲ" ಎಂದು ಪಕ್ಷದ ಶಾಲು ತೆಗೆದು ಹೊದಿಸಿದ. ಚೌರಪ್ಪ ಶಾಲನ್ನು ಬೆಳಕಿಗೆ ಹಿಡಿದು ನೋಡಿದ.

"ಅಂಚು ಬಿಚ್ಕೊಂಡೈತೆ ಸ್ವಾಮಿ. ಒಂದ್ ನಿಮ್ಷ ಇರಿ."

ಅಂಚು ಹೊಲಿದು, ಮಡಚಿ, ಅವನ ಕೈಗೇ ಕೊಟ್ಟ. ಮುಖಂಡನಿಗೆ ಇದು ಮರ್ಯಾದೆಯೋ ಅವಮರ್ಯಾದೆಯೋ ತಿಳಿಯಲಿಲ್ಲ. ಹೊಲಿಗೆ ಮಾತ್ರ ಚೆನ್ನಾಗಿತ್ತು. ತೆಗೆದುಕೊಂಡು ಹೋದ.

ಮಾರನೆಯ ದಿನ ಎದುರು ಪಕ್ಷದ ಅಭ್ಯರ್ಥಿ ನಾಗಭೂಷಣ ಬಂದ. ಅವನು ಅಂಗಡಿಯೊಳಗೆ ಬರಲಿಲ್ಲ. ಬೀದಿಯಲ್ಲೇ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ ಮಾತಾಡಿದ.

"ಏನ್ ಟೈಲರೇ, ನಿಮ್ಮಪ್ಪ ಸಾಯೋ ತನಕ ನಮ್ ಜೊತೆ ಇದ್ದೋರು. ನೀವು ನೋಡಿದ್ರೆ ಬಟ್ಟೆ ಬದಲಾಯಿಸ್ಬಿಟ್ರಿ. ಎಷ್ಟಕ್ಕೆ ಮಾರ್ಕೊಂಡ್ರಿ?"

"ಇದು ಅಮ್ಮಂದು, ಹರಕೆ" ಎಂದ ಚೌರಪ್ಪ.

"ಎಲ್ಲಾರ್ದೂ ಅಮ್ಮಂದು ಅಂತಾನೇ ಶುರುವಾಗೋದು" ಎಂದು ನಾಗಭೂಷಣ ನಕ್ಕ. ಜೊತೆಯವರೂ ನಕ್ಕರು. ಅಂದಿನಿಂದ ಅವನ ಕಡೆಯವರು ಆ ಅಂಗಡಿಗೆ ಬಟ್ಟೆ ತರುವುದನ್ನು ಬಿಟ್ಟರು.

ಚೌರಪ್ಪನಿಗೆ ಬಹಳ ನೋವಾಯಿತು. ಮಾರಿಕೊಂಡೆ ಎಂಬ ಮಾತು ಅವನ ಕಿವಿ ಬಿಟ್ಟು ಹೋಗಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ. ಹೆಂಡತಿ ಜ್ಞಾನಮ್ಮ ತಟ್ಟೆಯ ಮುಂದೆ ಕೂತು ಮೆಲ್ಲಗೆ ಕೇಳಿದಳು.

"ಹರಕೆ ಒಳಗಿದ್ರೆ ಸಾಲ್ದಾ? ಹೊರಗೆ ಉಡ್ಲೇಬೇಕಾ? ಅಮ್ಮನಿಗೆ ಒಳಗಿರೋದು ಕಾಣಲ್ವಾ?"

"ಅವಳಿಗೆ ಕಾಣತ್ತೆ ಕಣೇ. ಆದ್ರೆ ನನ್ ಕೈ ಬಿದ್ದಾಗ ಬೀದಿಗೆಲ್ಲ ಗೊತ್ತಾಯ್ತು. ಅಯ್ಯೋ ಪಾಪ ಅಂತ ಎಲ್ಲಾ ಬಂದು ನೋಡ್ಕೊಂಡ್ ಹೋದ್ರು. ಅವಳು ಎತ್ತಿ ಕೊಟ್ಟಿದ್ದೂ ಬೀದಿಗೆ ಗೊತ್ತಾಗ್ಬೇಕಲ್ವಾ?"

ಜ್ಞಾನಮ್ಮ ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು, ಅವನು ಉಂಡ.

ಒಂಬತ್ತನೆಯ ದಿನ, ಮೆರವಣಿಗೆಯ ದಿನ ಬಂತು. ಸಂಜೆ ಗಂಟೆ ಬಾರಿಸಿದರು. ಎಂಟು ಜನ ಹೆಗಲು ಕೊಟ್ಟರು, ಪಲ್ಲಕ್ಕಿ ಎದ್ದಿತು. ಮಾತೆಯ ಸ್ವರೂಪ ತೇಗದ ಮರದ್ದು, ಮೂರು ವರ್ಷದ ಮಗುವಿನಷ್ಟು ಎತ್ತರ, ನೋಡಿದ್ದಕ್ಕಿಂತ ಹೆಚ್ಚು ಭಾರ. ಪದ್ಧತಿಯಂತೆ ಅವಳಿಗೆ ಸೀರೆ ಉಡಿಸಿದ್ದರು. ಮುಂದೆ ಕೈಗಂಟೆಯವನು, ಹಿಂದೆ ನಮೋ ಮರಿಯೆ ಜಪ ಮಾಡುವ ಜನ. ಅಲ್ಫೋನ್ಸರು ಬಿಳಿ ಅಂಗಿ ಹಾಕಿಕೊಂಡು ಪಲ್ಲಕ್ಕಿಯ ಪಕ್ಕದಲ್ಲಿ ನಡೆದರು. ಸಣ್ಣಗೆ ಮಳೆ ಹನಿಯುತ್ತಿತ್ತು. ಚೌರಪ್ಪನ ಕಾವಿ ಹೊಸದಾಗಿ ಅದ್ದಿದ ಬಟ್ಟೆ, ಹನಿ ಬಿದ್ದ ಕಡೆಯೆಲ್ಲ ಬಣ್ಣ ಬಿಡತೊಡಗಿತು. ಅವನಿಗೆ ಅದರ ಕಡೆ ಗಮನವಿರಲಿಲ್ಲ. ಬೊಂಬು ಹಿಡಿದ ಬಲಗೈಯ ಒಂದೊಂದು ಬೆರಳೂ ಅವನಿಗೆ ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಇವಳು ಕೊಟ್ಟ ಕೈಯಲ್ಲಿ ಇವಳನ್ನೇ ಹಿಡಿದಿದ್ದೇನೆ ಎಂದುಕೊಂಡು ನಡೆದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಜ್ಞಾನಮ್ಮನಿಗೆ ಹೇಳಬೇಡ.

ಪೇಟೆಯ ನಡುವಿನ ವೃತ್ತದಲ್ಲಿ ಮೆರವಣಿಗೆ ನಿಂತಿತು. ಆ ಕಡೆಯಿಂದ ನಾಗಭೂಷಣನ ಪ್ರಚಾರದ ಜೀಪು ಬಂದು ಸಿಕ್ಕಿಕೊಂಡಿತ್ತು. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಆಟೋಗಳು. ಯಾವುದೂ ಮುಂದೆ ಹೋಗುವಂತಿರಲಿಲ್ಲ, ಹಿಂದೆ ಸರಿಯುವಂತೆಯೂ ಇರಲಿಲ್ಲ. ತೆರೆದ ಜೀಪಿನಲ್ಲಿ ನಿಂತು ಕೈ ಬೀಸುತ್ತಿದ್ದ ನಾಗಭೂಷಣನಿಗೆ ಚೌರಪ್ಪನ ಕಾವಿ ಕಂಡಿತು. ಏನೋ ಹೇಳಲು ಬಾಯಿ ತೆರೆದ. ಮಾತು ಬರಲಿಲ್ಲ. ಎದೆ ಹಿಡಿದುಕೊಂಡು ಜೀಪಿನಿಂದ ಕೆಳಗೆ ಬಿದ್ದ.

ಕೂಗಾಟವಾಯಿತು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು. ಸೈರನ್ನು ದೂರದಲ್ಲಿ ಕೇಳಿಸಿತು, ಕೇಳಿಸಿದಲ್ಲೇ ನಿಂತಿತು. ಆಸ್ಪತ್ರೆ ಇದ್ದದ್ದು ಹೂವಿನ ಓಣಿಯ ಆ ತುದಿಗೆ. ಓಣಿಯ ತುಂಬ ಹಬ್ಬದ ಜನ, ಕಾಲಿಡಲು ಜಾಗವಿಲ್ಲ. ಪಕ್ಷದ ಹುಡುಗರು ಅವನನ್ನು ಎತ್ತಿಕೊಂಡು ನುಗ್ಗಲು ನೋಡಿದರು. ಜನ ಜರುಗಲಿಲ್ಲ, ಹುಡುಗರು ಹಿಂದಕ್ಕೆ ಬಂದರು. ಆ ಜನ ದಾರಿ ಬಿಡುವುದಿದ್ದರೆ ಒಂದಕ್ಕೇ, ಮಾತೆಯ ಪಲ್ಲಕ್ಕಿಗೆ. ಇದು ಎಂಟು ಜನಕ್ಕೂ ಹೊಳೆಯಿತು. ಅಲ್ಫೋನ್ಸರಿಗೂ ಹೊಳೆಯಿತು. ಅವರು ಗಾಬರಿಯಾದರು.

"ಮುಟ್ಬೇಡ್ರಪ್ಪ, ಮುಟ್ಬೇಡಿ. ಎತ್ಕೊಂಡ್ ಹೋದ್ರೆ ಇವನ ಪಕ್ಷದೋರು ಅಂತಾರೆ. ದಾರೀಲಿ ಏನಾದ್ರೂ ಆದ್ರೆ ಆ ಪಕ್ಷದೋರ ಜೊತೆ ಸೇರ್ಕೊಂಡು ಸಾಯಿಸಿದ್ರು ಅಂತಾರೆ. ಚುನಾವಣೆ ಟೈಮು ಇದು."

ಅವರು ಹೇಳಿದ್ದು ಸುಳ್ಳೇನಲ್ಲ. ಆ ಪೇಟೆ ಹಾಗೆಯೇ ಮಾತಾಡುತ್ತಿತ್ತು.

ಚೌರಪ್ಪ ಬಿದ್ದವನನ್ನು ನೋಡಿದ. ಮಾರಿಕೊಂಡೆ ಎಂದ ಬಾಯಿ ಈಗ ಉಸಿರಿಗಾಗಿ ತೆರೆದುಕೊಂಡಿತ್ತು. ಅವನ ಮೇಲಿನ ಸಿಟ್ಟು ಚೌರಪ್ಪನಿಗೆ ಹೋಗಿರಲಿಲ್ಲ. ಹೋಗಿತ್ತು ಎಂದು ಹೇಳಿದರೆ ನಾನು ಕತೆ ಕಟ್ಟಿದಂತಾಗುತ್ತದೆ. ಸಿಟ್ಟು ಇತ್ತು, ಅದರ ಜೊತೆಗೆ ಕೈಯ ಭಯವೂ ಇತ್ತು. ಪಲ್ಲಕ್ಕಿ ಇಳಿಸಿದರೆ ಹರಕೆ ಮುರಿಯುತ್ತದೆ. ಹರಕೆ ಮುರಿದರೆ ನಾಳೆ ಸೂಜಿ ಹಿಡಿಯುವ ಕೈ ಯಾವುದು? ಬೊಂಬಿನ ಮೇಲಿದ್ದ ಬಲಗೈಯನ್ನು ಒಮ್ಮೆ ನೋಡಿಕೊಂಡ.

"ಅಮ್ಮಾ, ತಪ್ಪು ತಿಳ್ಕೋಬೇಡ. ಬೇಕಿದ್ರೆ ಕೈ ವಾಪಸ್ ತಗೋ" ಎಂದ.

ಹಾಗೆಂದು ಮಂಡಿ ಬಗ್ಗಿಸಿದ.

ಪಲ್ಲಕ್ಕಿಯಲ್ಲಿ ಎಡಗಡೆ ಮುಂದಿನವನು ಬಗ್ಗಿದರೆ ಉಳಿದವರು ಬಗ್ಗಲೇಬೇಕು. ಇಲ್ಲದಿದ್ದರೆ ಮಾತೆ ಬೀಳುತ್ತಾಳೆ. ಏಳು ನೀಲಿಯವರೂ ಬಗ್ಗಿ, ಪಲ್ಲಕ್ಕಿಯನ್ನು ನೆಲಕ್ಕೆ ತಾಗಿಸದೆ ಮಂಡಿಯ ಮೇಲೆ ಹಿಡಿದರು. ಯಾರೂ ಸಮಿತಿಯ ಒಪ್ಪಿಗೆ ಕೇಳಲಿಲ್ಲ. ಚೌರಪ್ಪ ಬೊಂಬಿನ ಕೆಳಗಿನಿಂದ ಹೊರಗೆ ಬಂದು, ಎರಡು ಕೈಯಲ್ಲಿ ಮಾತೆಯನ್ನು ಎತ್ತಿ ಅಲ್ಫೋನ್ಸರ ಎದೆಗೆ ಒತ್ತಿದ.

"ಹಿಡ್ಕೊಳ್ಳಿ ಸಾರ್. ಎಲ್ಲಾದ್ರೂ ಒಂದ್ ಕಡೆ ಇಡಿ. ಹರಕೆ ಹೋಯ್ತು ಅಂದ್ಕೋತೀನಿ."

ಅಲ್ಫೋನ್ಸರು ಏನು ಹೇಳುವುದಕ್ಕೂ ಮೊದಲೇ ಅವರ ಕೈ ತುಂಬಿಹೋಯಿತು. ಚೌರಪ್ಪ ನಾಗಭೂಷಣನ ತಲೆಯನ್ನು ತನ್ನ ಒದ್ದೆ ಹೆಗಲಿಗೆ ಆನಿಸಿಕೊಂಡು ಎತ್ತಿದ, ಉಳಿದವರು ಕಾಲು ಹಿಡಿದರು. ಮಾತೆಗೆಂದು ಹಾಸಿದ್ದ ಮಲ್ಲಿಗೆಯ ಮೇಲೆ ಅವನನ್ನು ಮಲಗಿಸಿದರು. ಮತ್ತೆ ಎಂಟು ಹೆಗಲು. ಪಲ್ಲಕ್ಕಿ ಎದ್ದಿತು.

ಕೈಗಂಟೆಯವನು ಗಂಟೆ ಆಡಿಸಿಕೊಂಡು ಮುಂದೆ ನಡೆದ. ಗಂಟೆಯ ಸದ್ದಿಗೆ ಓಣಿ ಎರಡಾಗಿ ಸೀಳಿತು. ಮಸೀದಿಯ ಕಡೆಯ ಹುಡುಗರು ಕೈ ಕೈ ಹಿಡಿದು ಜನರನ್ನು ಗೋಡೆಗೆ ಒತ್ತಿ ನಿಲ್ಲಿಸಿದರು. ಹೂವಿನ ಹೆಂಗಸರು ಬುಟ್ಟಿಗಳನ್ನು ತಲೆಗೇರಿಸಿಕೊಂಡರು. ಮಾತೆ ಬಂದಳೆಂದು ಎಲ್ಲರೂ ಕೈ ಮುಗಿದರು. ಕೆಲವರು ಶಿಲುಬೆಯ ಗುರುತು ಹಾಕಿಕೊಂಡು ತಲೆ ಎತ್ತಿ ನೋಡಿದರೆ, ಹೂವಿನ ನಡುವೆ ನಾಗಭೂಷಣ! ಅವನ ಇಡೀ ರಾಜಕೀಯದಲ್ಲಿ ಅಷ್ಟು ಜನ ಮನಸಾರೆ ಕೈ ಮುಗಿದದ್ದು ಅದೊಂದೇ ಸಲ. ಪಾಪ, ನೋಡಲು ಅವನಿಗೆ ಎಚ್ಚರವಿರಲಿಲ್ಲ.

ಪ್ರತಿ ವರ್ಷ ಹೆಜ್ಜೆಯ ವೇಗ ತೀರ್ಮಾನಿಸುವವನು ಎಡಗಡೆ ಮುಂದಿನವನೇ. ಅಂದು ಅವನು ಇಟ್ಟ ಹೆಜ್ಜೆಯ ವೇಗವನ್ನು ಆ ಪಲ್ಲಕ್ಕಿ ಎಂದೂ ಕಂಡಿರಲಿಲ್ಲ. ಆದರೂ ವಾಲಲಿಲ್ಲ. ಬರಿಗಾಲಲ್ಲಿ, ಒದ್ದೆ ಕಲ್ಲಿನ ಮೇಲೆ, ಎಂಟು ಜನ ಒಂದೇ ಉಸಿರಿನಲ್ಲಿ ನಡೆದರು.

ಆಸ್ಪತ್ರೆಯವರು ನಾಗಭೂಷಣನನ್ನು ಒಳಗೆ ತೆಗೆದುಕೊಂಡರು. ಸಮಯಕ್ಕೆ ಸರಿಯಾಗಿ ತಂದಿರಿ, ಬದುಕುತ್ತಾನೆ ಎಂದು ಸ್ವಲ್ಪ ಹೊತ್ತಿಗೆ ಒಬ್ಬ ಡಾಕ್ಟರು ಬಂದು ಹೇಳಿದರು. ಅಷ್ಟರಲ್ಲಿ ಮೈಕು ಹಿಡಿದವನೊಬ್ಬ ಓಡಿ ಬಂದಿದ್ದ. ಅವನಿಗೆ ಏಳು ನೀಲಿ ಕಂಡವು, ಒಂದು ಕಾವಿ ಕಂಡಿತು, ಏನೂ ಅರ್ಥವಾಗಲಿಲ್ಲ. ಕಾವಿಯವನ ಬಾಯಿಗೇ ಮೈಕು ಹಿಡಿದ.

"ಹೇಳಿ ಸಾರ್, ನೀವು ಯಾವ ಕಡೆಯವ್ರು?"

ಚೌರಪ್ಪ ಏದುಸಿರು ಬಿಡುತ್ತಿದ್ದ. ಅವನಿಗೆ ಈ ಪ್ರಶ್ನೆ ಹೊಸದಲ್ಲ. ಹುಟ್ಟಿದಾಗಿನಿಂದ ಕೇಳಿದ್ದು.

"ಎಡಗಡೆ ಮುಂದು" ಎಂದ.

"ಅಂದ್ರೆ? ಎಡಪಕ್ಷಾನಾ?"

"ಎಡಗಡೆ ಮುಂದು ಸಾರ್. ಇವ್ನು ನನ್ ಹಿಂದೆ. ಅಲ್ಲಿ ನಿಂತವ್ನಲ್ಲ, ಅವ್ನು ಬಲಗಡೆ ಮುಂದು. ಮೊದ್ಲು ಅವರಪ್ಪ ಇದ್ರು."

"ಅದಲ್ಲ ಸಾರ್, ಪಕ್ಷ, ಪಕ್ಷ ಯಾವ್ದು?"

ಚೌರಪ್ಪ ಆಗಲೇ ತಿರುಗಿಬಿಟ್ಟಿದ್ದ. "ಏಳ್ರಪ್ಪ, ಅಮ್ಮ ಕಾಯ್ತಾವ್ಳೆ" ಎಂದ. ಎಂಟು ಜನ ಖಾಲಿ ಪಲ್ಲಕ್ಕಿಗೆ ಹೆಗಲು ಕೊಟ್ಟು ಹೊರಟರು.

ಖಾಲಿ ಪಲ್ಲಕ್ಕಿ ಹಗುರ. ಚೌರಪ್ಪನ ಎದೆ ಮಾತ್ರ ಭಾರವಾಗಿತ್ತು. ಮಾತೆಯನ್ನು ಯಾವ ಅಂಗಡಿಯ ಕಟ್ಟೆಯ ಮೇಲೆ ಇಟ್ಟಿದ್ದಾರೋ, ಯಾವ ನೆಲದ ಮೇಲೆ ನಿಲ್ಲಿಸಿದ್ದಾರೋ ಎಂದು ಯೋಚಿಸುತ್ತ ವೃತ್ತಕ್ಕೆ ಬಂದ.

ಅಲ್ಲಿ ಅಲ್ಫೋನ್ಸರು ನಿಂತಿದ್ದರು. ಚೌರಪ್ಪ ಎಲ್ಲಿ ಬಿಟ್ಟು ಹೋಗಿದ್ದನೋ ಅಲ್ಲೇ, ಮಳೆಯಲ್ಲೇ. ಮಾತೆ ಅವರ ತೋಳಿನಲ್ಲಿದ್ದಳು. ಬೀಡಾ ಅಂಗಡಿಯವನು ಕುರ್ಚಿ ತಂದು ಹಾಕಿದ್ದ, ಅವರು ಕೂತಿರಲಿಲ್ಲ. ಯಾರೋ ಟೇಬಲ್ಲಿನ ಮೇಲೆ ಶುಭ್ರ ಬಟ್ಟೆ ಹಾಸಿ ಕೊಟ್ಟಿದ್ದರು, ಅವರು ಇಟ್ಟಿರಲಿಲ್ಲ. ಕನ್ನಡಕದ ಮೇಲೆ ನೀರು, ತೋಳು ಗಡಗಡ ನಡುಗುತ್ತಿತ್ತು. ಅಷ್ಟು ಹೊತ್ತು ಅಷ್ಟು ಭಾರವನ್ನು ಅವರು ಜೀವಮಾನದಲ್ಲಿ ಹೊತ್ತವರಲ್ಲ.

"ನೆಲ ಮುಟ್ಟಿಲ್ಲ ಚೌರಪ್ಪ" ಎಂದರು. "ಟೇಬಲ್ಲೂ ಮುಟ್ಟಿಲ್ಲ."

ಚೌರಪ್ಪ ಅಳತೊಡಗಿದ. ಬೀದಿಯ ನಡುವೆ, ಅಷ್ಟು ಜನರ ಮುಂದೆ, ಜಂಬದ ಮನುಷ್ಯ ಮಗುವಿನಂತೆ ಅತ್ತ. ಆಮೇಲೆ ಮುಖ ಒರೆಸಿಕೊಂಡು ಮಾತೆಯನ್ನು ಎತ್ತಿ ಪಲ್ಲಕ್ಕಿಯಲ್ಲಿ ನಿಲ್ಲಿಸಿದ. ಕಾವಿ ನೀರು ಅವನ ಹೆಗಲಿನಿಂದ ಅಲ್ಫೋನ್ಸರ ಬಿಳಿ ಅಂಗಿಗೆ ಇಳಿದಿತ್ತು. ಅವರು ಅದನ್ನು ನೋಡಿಕೊಂಡರು, ಒರೆಸಿಕೊಳ್ಳಲಿಲ್ಲ.

ಉಳಿದ ಸುತ್ತನ್ನು ಮುಗಿಸಿ ಮಾತೆ ಚರ್ಚಿನ ಬಾಗಿಲಿಗೆ ಬಂದಳು. ಆ ಪೇಟೆಯಲ್ಲಿ ನಾನು ಎಷ್ಟೋ ಹಬ್ಬ ನೋಡಿದ್ದೇನೆ. ಬ್ಯಾಂಡು, ಬೆಳಕು, ದೊಡ್ಡ ದೊಡ್ಡ ಅತಿಥಿಗಳು, ಎಲ್ಲ ನೋಡಿದ್ದೇನೆ. ನಮ್ಮ ಜನ ನಮ್ಮ ಜನ ಎಂದು ಎದೆ ತಟ್ಟಿಕೊಳ್ಳುವುದು ನನಗೆ ಅಷ್ಟಾಗಿ ಸೇರುವುದಿಲ್ಲ. ಆದರೆ ಆ ಸಂಜೆ ಮಲ್ಲಿಗೆ ನಜ್ಜುಗುಜ್ಜಾದ ಪಲ್ಲಕ್ಕಿ ಬಾಗಿಲಿಗೆ ಬಂದು ನಿಂತಾಗ ನನಗೆ ಆದ ಹೆಮ್ಮೆ ಈಗಲೂ ಇಳಿದಿಲ್ಲ.

ಮಾರನೆಯ ದಿನ ಒಂದು ಪಕ್ಷ, ಕಾಪಾಡಿದ್ದು ನಮ್ಮ ಬಣ್ಣದವನು ಎಂದಿತು. ಇನ್ನೊಂದು, ಕಾವಿ ಒಬ್ಬನೇ, ಉಳಿದ ಏಳು ಜನ ನೀಲಿ ಎಂದಿತು. ಚೌರಪ್ಪ ಎರಡನ್ನೂ ಕೇಳಿಸಿಕೊಂಡು ಗುಂಡಿ ಹಚ್ಚುತ್ತ ಕೂತ.

ಕೆಲವು ವಾರ ಕಳೆದ ಮೇಲೆ ನಾಗಭೂಷಣ ಅಂಗಡಿಗೆ ಬಂದ. ಈ ಸಲ ಒಬ್ಬನೇ ಬಂದ, ಒಳಗೂ ಬಂದ. ಕೈಯಲ್ಲಿ ಅಂದು ತೊಟ್ಟಿದ್ದ ಬಿಳಿ ಅಂಗಿ. ಆಸ್ಪತ್ರೆಯಲ್ಲಿ ಅದರ ತೋಳನ್ನು ಕತ್ತರಿಸಿದ್ದರು. ಹೆಗಲ ಹತ್ತಿರ ದೊಡ್ಡದೊಂದು ಕಾವಿ ಕಲೆ ಇತ್ತು. ಅಂಗಿಯನ್ನು ಮೇಜಿನ ಮೇಲೆ ಹರಡಿದ, ಮಡಚಿದ, ಮತ್ತೆ ಹರಡಿದ. ಸಭೆಯಲ್ಲಿ ಮಾತಾಡಿ ಅಭ್ಯಾಸವಾದವರಿಗೆ ಒಬ್ಬನ ಮುಂದೆ ಮಾತಾಡುವುದು ಕಷ್ಟ.

"ತೋಳು ಕೂರಿಸ್ಕೊಡ್ತೀರಾ?" ಎಂದ ಕೊನೆಗೆ.

"ಕೂರಿಸ್ತೀನಿ. ಈ ಕಲೆ?"

"ಇರ್ಲಿ."

ಚೌರಪ್ಪ ಸೂಜಿ ತೆಗೆದುಕೊಂಡ. ಚರ್ಚಿನ ದಿಕ್ಕಿಗೆ ಒಮ್ಮೆ ನೋಡಿದ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಸೂಜಿಯ ಕಣ್ಣಿಗೆ ಹಿಡಿದ. ಕೈ ನಡುಗಲಿಲ್ಲ. ದಾರ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಕ್ಲೆಮೆಂಟನ ಬೆರಳು ತನ್ನ ಕತ್ತಿನ ಸರದ ಮೇಲಿತ್ತು. ಅವನ ಮುಖ ಬೆಳಗಿತ್ತು. ಅಂಗಿಯ ಒಳಗಿದ್ದ ಶಿಲುಬೆಯನ್ನು ಎಳೆದು ಹೊರಗೆ ಹಾಕಿಕೊಂಡ. ಅದು ಎಲ್ಲರಿಗೂ ಕಾಣುವಂತೆ ಎದೆಯ ನಡುವೆ ಸರಿಮಾಡಿಕೊಂಡ.

"ತಿಳಿಯಿತು ಗುರುಗಳೇ. ಹೊರಗೆ ಹಾಕಿಕೊಳ್ಳಬೇಕು."

"ಮಗನೇ, ಪ್ರಭು ಶಿಲುಬೆಯನ್ನು ಹಾಕಿಕೊಂಡು ಬಾ ಎನ್ನಲಿಲ್ಲ, ಹೊತ್ತುಕೊಂಡು ಬಾ ಎಂದರು."